ಎಷ್ಟು ಹೊತ್ತಿನ ದಾರಿ?

ನಮ್ಮ ಹದಡಿಯ ಕಡೆ ಹೆಣ್ಣಿಗೆ ಗಂಡು ಗೊತ್ತು ಮಾಡುವಾಗ ಹುಡುಗನ ಓದು, ಹೊಲ, ನೌಕರಿ ಎಲ್ಲವನ್ನೂ ವಿಚಾರಿಸಿ ಮುಗಿಸಿದ ಮೇಲೆ ಹೆಂಗಸರ ಕಡೆಯಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: "ಎಷ್ಟು ಹೊತ್ತಿನ ದಾರಿ?" ಎಷ್ಟು ಮೈಲಿ, ಎಷ್ಟು ಕಿಲೋಮೀಟರು ಎಂದು ಗಂಡಸರು ಕೇಳಿಕೊಳ್ಳಲಿ, ಹೆಂಗಸರು ಕೇಳುವುದು ಹೊತ್ತನ್ನೇ. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತವರಿನಲ್ಲಿ ಇರಬಹುದೇ? ಮಗುವಿಗೆ ಜ್ವರ ಬಂದರೆ ಅವ್ವ ಎಷ್ಟು ಹೊತ್ತಿಗೆ ಬಂದು ಮುಟ್ಟಿಯಾಳು? ಈ ಪ್ರಶ್ನೆಯ ಹಿಂದೆ ಇರುವುದು ಇಂಥ ಲೆಕ್ಕಗಳು.

ಹಳೆಯವರ ಅಳತೆಗಳೂ ಹಾಗೇ ಇದ್ದವು. ಒಂದು ಹರದಾರಿ ಎಂದರೆ ಸುಮಾರು ಮೂರು ಮೈಲಿ. ಆದರೆ ಅದನ್ನು ಯಾರೂ ಸರಪಳಿ ಹಿಡಿದು ಅಳೆದವರಲ್ಲ. ನಡೆದ ಕಾಲಿಗೆ ಗೊತ್ತಾಗುವ ಅಳತೆ ಅದು. ಎತ್ತಿನ ಗಾಡಿಯಲ್ಲಿ ಒಂದು ಹಗಲಿನ ದಾರಿ, ನಡಿಗೆಯಲ್ಲಿ ಎರಡು ದಿನದ ದಾರಿ ಎಂದು ಹೇಳಿದರೆ ಕೇಳಿದವರಿಗೆ ಬುತ್ತಿ ಎಷ್ಟು ಕಟ್ಟಬೇಕೆಂಬುದೂ ತಿಳಿಯುತ್ತಿತ್ತು. ಇವತ್ತಿನ ವಿಮಾನದ ವೇಳಾಪಟ್ಟಿಯೂ ಅದೇ ಭಾಷೆಯನ್ನೇ ಆಡುತ್ತದೆ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಅಲ್ಲಿ ಕಿಲೋಮೀಟರು ಬರೆದಿರುವುದಿಲ್ಲ. ಹೊರಡುವ ಹೊತ್ತು, ಮುಟ್ಟುವ ಹೊತ್ತು ಎರಡೇ ಇರುತ್ತವೆ.

ನನ್ನ ಅಜ್ಜಿಯ ತವರು ಹೊಳೆಯಾಚೆ, ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿ. ಹದಡಿಯಿಂದ ಎಂಟು ಹರದಾರಿಯಷ್ಟೇ. ಆದರೆ ಆ ಕಾಲಕ್ಕೆ ಹರಿಹರದ ತುಂಗಭದ್ರೆ ಬರೀ ಹೊಳೆಯಲ್ಲ, ಎರಡು ರಾಜ್ಯಗಳ ಗಡಿ. ಈಚೆ ಮೈಸೂರು ಅರಸರ ಸೀಮೆ, ಆಚೆ ಮುಂಬಯಿ ಪ್ರಾಂತ. 1956ರ ನವೆಂಬರ್ 1ರಂದು ಎರಡೂ ದಡ ಒಂದೇ ರಾಜ್ಯವಾಗುವ ತನಕ ಅಜ್ಜಿಯ ತವರು ಲೆಕ್ಕಕ್ಕೆ ಪರರಾಜ್ಯ. ಹಾಗೆಂದು ದಾರಿ ಇರಲಿಲ್ಲವೆಂದಲ್ಲ. ಹರಿಹರದಲ್ಲಿ ಹೊಳೆಗೆ ಕಲ್ಲು ಇಟ್ಟಿಗೆಯ ಕಮಾನಿನ ಸೇತುವೆ 1868ರಲ್ಲೇ ಆಗಿತ್ತು. 1880ರ ದಶಕ ಮುಗಿಯುವ ಹೊತ್ತಿಗೆ ಬೆಂಗಳೂರಿನಿಂದ ದಾವಣಗೆರೆ, ಹರಿಹರಕ್ಕೆ ಮೀಟರ್ ಗೇಜ್ ರೈಲೂ ಬಂದಿತ್ತು. ಅಜ್ಜಿ ಹುಟ್ಟುವ ಮೊದಲೇ ನಮ್ಮ ಊರಿಗೆ ಮೂರು ಹರದಾರಿಯೊಳಗೆ ರೈಲು ಕೂಗುತ್ತಿತ್ತು.

ಆದರೂ 1944ರಲ್ಲಿ ಅಜ್ಜಿಯ ತಾಯಿ ತೀರಿಕೊಂಡಾಗ ಅಜ್ಜಿ ಮಣ್ಣಿಗೆ ಸಿಗಲಿಲ್ಲ. ಸುದ್ದಿ ಹೇಳಲು ಹೊರಟ ಆಳು ನಡೆದುಕೊಂಡು ಬಂದ. ಅವನು ಹದಡಿ ಮುಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಮಾವನವರು ಸಂತೆಗೆ ಹೋಗಿದ್ದರು. ಅವರು ಬರದೆ ಗಾಡಿ ಕಟ್ಟುವ ಹಾಗಿಲ್ಲ; ಅವರು ಬಂದ ಮೇಲೂ ರಾತ್ರಿ ಹೆಣ್ಣುಮಗಳನ್ನು ಕಳಿಸುವ ಹಾಗಿಲ್ಲ. ಮೂರನೇ ದಿನ ನಸುಕಿನಲ್ಲಿ ಹೊರಟು ಇಳಿಹೊತ್ತಿಗೆ ತವರು ಮುಟ್ಟಿದಾಗ ಮಣ್ಣು ಮುಗಿದು, ಮನೆಯವರು ಹಾಲುತುಪ್ಪದ ಮಾತಾಡುತ್ತಿದ್ದರಂತೆ. ಅಜ್ಜಿ ತೊಂಬತ್ತರ ಮೇಲೆ ಬದುಕಿದಳು. ಎಷ್ಟೋ ಸಂಗತಿ ಮರೆತಿದ್ದಳು, ಇದನ್ನು ಮಾತ್ರ ಮರೆಯಲಿಲ್ಲ. "ಎಂಟು ಹರದಾರಿ ಏನು ದೊಡ್ಡದವ್ವಾ? ನನಗೆ ದೊಡ್ಡದಾಗಿದ್ದು ಹೊಸಿಲು" ಎನ್ನುತ್ತಿದ್ದಳು.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಕಾಶದ ದಾರಿಯ ಚರಿತ್ರೆಗೆ ಬರುತ್ತೇನೆ.

ಜಗತ್ತಿನಲ್ಲಿ ಮೊಟ್ಟಮೊದಲು ಅಧಿಕೃತವಾಗಿ ವಿಮಾನದಲ್ಲಿ ಅಂಚೆ ಹೋದದ್ದು ನಮ್ಮ ದೇಶದಲ್ಲೇ. 1911ರ ಫೆಬ್ರವರಿ 18ರಂದು ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಅಲಹಾಬಾದಿನಿಂದ ನದಿ ದಾಟಿ ನೈನಿಗೆ ಸುಮಾರು 6,500 ಕಾಗದಗಳನ್ನು ಹಾರಿಸಿಕೊಂಡು ಹೋದ. ದೂರ ಆರೇ ಮೈಲಿ, ಹಿಡಿದದ್ದು ಹದಿಮೂರು ನಿಮಿಷ. ಎರಡು ಹರದಾರಿಗೆ ಹದಿಮೂರು ನಿಮಿಷ! ಅದೇ ದೂರವನ್ನು ನಮ್ಮ ಹೆಂಗಸರು ತಲೆಯ ಮೇಲೆ ಹೊರೆ ಹೊತ್ತು ಎರಡು ಗಂಟೆಗೂ ಹೆಚ್ಚು ಹೊತ್ತು ನಡೆಯುತ್ತಿದ್ದರು.

ಮುಂದಿನ ಸಂಗತಿ ನಮಗೆ ಇನ್ನೂ ಹತ್ತಿರದ್ದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೇಲೆ ಮುಂಬಯಿಗೆ ಅಂಚೆ ತಂದರು. ಅಲ್ಲಿಂದ ಮದರಾಸಿಗೆ ಒಯ್ದವರು ಅವರ ಜೊತೆಗಾರ ನೆವಿಲ್ ವಿನ್ಸೆಂಟ್. ಮುಂಬಯಿಗೂ ಮದರಾಸಿಗೂ ನಡುವೆ ಆ ವಿಮಾನ ಇಳಿದದ್ದು ಎಲ್ಲಿ ಗೊತ್ತೆ? ನಮ್ಮ ಬಳ್ಳಾರಿಯಲ್ಲಿ. ದಾವಣಗೆರೆಯಿಂದ ನೂರೈವತ್ತು ಕಿಲೋಮೀಟರಿನ ಆಸುಪಾಸಿನ ಊರು. ನಮ್ಮ ದೇಶದ ವಿಮಾನ ಸಾರಿಗೆಯ ಬೇರು ಆ ವಾರಕ್ಕೊಮ್ಮೆಯ ಅಂಚೆಯಲ್ಲಿದೆ. ಮುಂಬಯಿಯಿಂದ ಬಳ್ಳಾರಿಗೆ ನೇರ ರೇಖೆಯಲ್ಲಿ 600 ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಗಂಟೆಗೆ ನೂರು ಮೈಲಿ ಹಾರುವ ವಿಮಾನಕ್ಕೆ ನಾಲ್ಕು ಗಂಟೆಯ ಹಾರಾಟ. ಮುಂಬಯಿಯ ಕಾಗದ ನಾಲ್ಕು ಗಂಟೆಯಲ್ಲಿ ಬಳ್ಳಾರಿಗೆ ಬರಬಹುದಾಗಿತ್ತು. ಅದಾಗಿ ಹನ್ನೆರಡು ವರ್ಷವಾದ ಮೇಲೂ ತಾಯಿ ಸತ್ತ ಸುದ್ದಿ ಎಂಟು ಹರದಾರಿ ದಾಟಲು ಒಂದೂವರೆ ದಿನ ಹಿಡಿಯಿತು. ಇತಿಹಾಸದ ಪುಸ್ತಕದಲ್ಲಿ ಇವೆರಡೂ ಒಂದೇ ಕಾಲ. ಬದುಕಿನಲ್ಲಿ ಬೇರೆಬೇರೆ ಕಾಲ.

ಆ ಮೇಲೆ 1940ರಲ್ಲಿ ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಹಾಕಿದರು. ಅದರ ನಿಲ್ದಾಣವೇ ಮುಂದೆ ಎಷ್ಟೋ ದಶಕ ಬೆಂಗಳೂರಿನ ವಿಮಾನ ನಿಲ್ದಾಣವಾಯಿತು. 1953ರಲ್ಲಿ ವಿಮಾನ ಸಾರಿಗೆ ಸರ್ಕಾರದ ಕೈಗೆ ಬಂತು. ನಾವು ಹುಡುಗಿಯರಾಗಿದ್ದಾಗ ವಿಮಾನವೆಂದರೆ ತಲೆಯೆತ್ತಿ ನೋಡುವ ವಸ್ತು. ಅದರೊಳಗೆ ಕೂತವರು ಮಂತ್ರಿಗಳು ಇಲ್ಲವೆ ಸಿನಿಮಾದವರು ಎಂದು ನಮ್ಮ ನಂಬಿಕೆ. ಅದನ್ನು ನಡೆಸುವವಳು ಹೆಂಗಸಾಗಿರಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಆದರೆ 1936ರಲ್ಲೇ ಸರಳಾ ಠಕ್ರಾಲ್ ಎಂಬ ಇಪ್ಪತ್ತೊಂದರ ಹೆಣ್ಣುಮಗಳು ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನ ಹಾರಿಸಿ ಪರವಾನಗಿ ಪಡೆದಿದ್ದಳು. 1985ರಲ್ಲಿ ಸೌದಾಮಿನಿ ದೇಶಮುಖ್ ಅವರ ಮುಂದಾಳುತನದಲ್ಲಿ ಕಲ್ಕತ್ತದಿಂದ ಸಿಲ್ಚಾರಿಗೆ ಬರೀ ಹೆಣ್ಣುಮಕ್ಕಳೇ ನಡೆಸಿದ ವಿಮಾನ ಹೋಯಿತು. ಅಜ್ಜಿ ಆಗ ಬದುಕಿದ್ದಳು. ಹೇಳಿದ್ದರೆ ನಂಬುತ್ತಿದ್ದಳೋ ಇಲ್ಲವೋ!

ನಮ್ಮಂಥವರ ಮನೆಗೆ ವಿಮಾನ ಇಳಿದು ಬಂದದ್ದು 2003ರಿಂದ ಈಚೆಗೆ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ಏರ್ ಡೆಕ್ಕನ್ ಶುರುಮಾಡಿದಾಗ ಅದು ಮೊದಮೊದಲು ಹಾರಿದ ದಾರಿಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದು. ಒಂದು ರೂಪಾಯಿಗೂ ಟಿಕೆಟ್ಟು ಎಂದು ಸುದ್ದಿಯಾದ ಕಾಲ ಅದು. ಆ ಕಂಪನಿ ಹೆಚ್ಚು ವರ್ಷ ಉಳಿಯಲಿಲ್ಲ, ಆದರೆ ವಿಮಾನ ನಮ್ಮದಲ್ಲ ಎಂಬ ಭಾವನೆಯನ್ನು ಅಳಿಸಿಹಾಕಿತು. ನಮ್ಮ ಬೀದಿಯಲ್ಲೇ ಅಡಿಕೆ ಮಾರಿದ ದುಡ್ಡಲ್ಲಿ ಒಮ್ಮೆ ವಿಮಾನ ಹತ್ತಿ ಬಂದವರಿದ್ದಾರೆ. 2017ರಿಂದ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟಕ್ಕೆ ಕೆಲವು ಸೀಟುಗಳ ದರ 2,500 ರೂಪಾಯಿ ಎಂದು ಮಿತಿ ಹಾಕಿದರು. ಗಮನಿಸಿ, ಅಲ್ಲೂ ದರ ಕಟ್ಟಿದ್ದು ಹೊತ್ತಿನ ಮೇಲೆ.

ಈಗ ಹುಬ್ಬಳ್ಳಿ, ಬೆಂಗಳೂರು ನಿಲ್ದಾಣಗಳ ಲೆಕ್ಕವನ್ನೇ ನೋಡೋಣ. ನಕ್ಷೆಯಲ್ಲಿ ಈ ಎರಡರ ನಡುವೆ ಗೆರೆ ಎಳೆದರೆ ಸುಮಾರು 370 ಕಿಲೋಮೀಟರು. ಆ ಗೆರೆ ನಮ್ಮ ದಾವಣಗೆರೆಯ ಈಶಾನ್ಯಕ್ಕೆ ಇಪ್ಪತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹಾದುಹೋಗುತ್ತದೆ. ರಸ್ತೆಯಲ್ಲಾದರೆ ಹುಬ್ಬಳ್ಳಿ–ಬೆಂಗಳೂರು 400 ಕಿಲೋಮೀಟರಿನ ಮೇಲೆ. ಗಂಟೆಗೆ 800 ಕಿಲೋಮೀಟರಿನ ಮೇಲೆ ಹಾರಬಲ್ಲ ಜೆಟ್ ವಿಮಾನಕ್ಕೆ 370 ಕಿಲೋಮೀಟರು ಅರ್ಧ ಗಂಟೆಯ ಕೆಲಸವಲ್ಲವೆ? ಆದರೆ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಆಸುಪಾಸು ಬರೆದಿರುತ್ತದೆ. ಯಾಕೆಂದರೆ ಅವರು ಲೆಕ್ಕ ಹಿಡಿಯುವುದು ಹಾರುವ ಹೊತ್ತನ್ನು ಮಾತ್ರವಲ್ಲ. ವಿಮಾನ ತಾನು ನಿಂತ ಜಾಗದಿಂದ ಕದಲಿದ ಗಳಿಗೆಯಿಂದ ಇನ್ನೊಂದು ಊರಲ್ಲಿ ತನ್ನ ಜಾಗಕ್ಕೆ ಬಂದು ನಿಲ್ಲುವ ಗಳಿಗೆಯ ತನಕ. ನೆಲದ ಮೇಲೆ ಉರುಳಬೇಕು, ಸರದಿಗೆ ಕಾಯಬೇಕು, ಮೇಲೇರಬೇಕು, ಗಾಳಿಯ ದಿಕ್ಕು ನೋಡಿ ಸುತ್ತಿ ಇಳಿಯಬೇಕು. ಹತ್ತಿರದ ಊರಿಗೆ ಹಾರುವ ವಿಮಾನ ಪೂರ್ತಿ ವೇಗ ಹಿಡಿಯುವಷ್ಟರಲ್ಲೇ ಇಳಿಯಲು ಶುರುಮಾಡುತ್ತದೆ. ಎರಡು ಮೈಲಿಯ ಸಂತೆಗೆ ಗಾಡಿ ಕಟ್ಟಿ ಬಿಚ್ಚುವುದರಲ್ಲೇ ಹೊತ್ತು ಹೋಗುವುದಿಲ್ಲವೆ, ಹಾಗೆ.

ಇದಿಷ್ಟೂ ವಿಮಾನದ ಹೊತ್ತು. ಮನುಷ್ಯರ ಹೊತ್ತು ಬೇರೆಯೇ ಇದೆ. ಅದನ್ನು ನಾನು ಕಲಿತದ್ದು 2011ರ ಜನವರಿಯ ಒಂದು ದಿನ.

ಅಂದು ನಮ್ಮ ಅವ್ವ ಬೆಳಗಿನ ಜಾವ ನಾಲ್ಕಕ್ಕೆ ತೀರಿಕೊಂಡಳು. ತಂಗಿ ಮುಂಬಯಿಯಲ್ಲಿ ಶಾಲಾ ಶಿಕ್ಷಕಿ. ಫೋನು ಮಾಡಿದ ಐದೇ ನಿಮಿಷಕ್ಕೆ ಅವಳಿಗೆ ಸುದ್ದಿ ಮುಟ್ಟಿತ್ತು. ಹುಬ್ಬಳ್ಳಿಗೆ ಅನುಕೂಲದ ವಿಮಾನ ಸಿಗಲಿಲ್ಲ. ಬೆಂಗಳೂರಿಗೆ ಒಂಬತ್ತು ಗಂಟೆಯದು ಸಿಕ್ಕಿತು. ಅಂಗಳದಲ್ಲಿ ಕೂತಿದ್ದ ದೊಡ್ಡಪ್ಪ ನನ್ನನ್ನು ಕರೆದು ಕೇಳಿದರು.

"ವಿಮಾನ ಎಷ್ಟು ಹೊತ್ತಿನದವ್ವಾ?"

"ಒಂದು ಮುಕ್ಕಾಲು ಗಂಟೆ ದೊಡ್ಡಪ್ಪ."

"ಹಂಗಾದ್ರೆ ಹನ್ನೊಂದಕ್ಕೆ ಬರ್ತಾಳೆ. ಮಧ್ಯಾಹ್ನಕ್ಕೆ ಮಣ್ಣು ಮಾಡಬಹುದು."

ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಮುಂಬಯಿಯಿಂದ ಬೆಂಗಳೂರಿಗೆ ಆಕಾಶದಲ್ಲಿ 830 ಕಿಲೋಮೀಟರು. ಅದನ್ನು ವಿಮಾನ ಹೇಳಿದ ಹೊತ್ತಿಗೇ ಮುಗಿಸಿತು. ಆದರೆ ಬೆಂಗಳೂರಿನ ನಿಲ್ದಾಣ 2008ರ ಮೇ ತಿಂಗಳಲ್ಲಿ ಊರೊಳಗಿನ ಹಳೆಯ ಜಾಗ ಬಿಟ್ಟು ದೇವನಹಳ್ಳಿಗೆ ಹೋಗಿತ್ತು. ತಂಗಿ ಹೊರಗೆ ಬಂದು ಕಾರು ಹತ್ತುವಾಗ ಹನ್ನೊಂದೂವರೆ. ಅಲ್ಲಿಂದ ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ. ಹೆದ್ದಾರಿ ನಾಲ್ಕು ಪಥವಾಗಿದ್ದರೂ ಲಾರಿಗಳ ನಡುವೆ ಐದು ಗಂಟೆಗೂ ಹೆಚ್ಚು. ಮೊದಲ 830 ಕಿಲೋಮೀಟರಿಗೆ ಎರಡು ಗಂಟೆಗಿಂತ ಕಡಿಮೆ, ಉಳಿದ 270ಕ್ಕೆ ಅದರ ಮೂರು ಪಟ್ಟು!

ಮಧ್ಯಾಹ್ನವಾಗುತ್ತಿದ್ದಂತೆ ಅಂಗಳದಲ್ಲಿ ಗುಸುಗುಸು ಶುರುವಾಯಿತು. ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ದೂರದ ನೆಂಟರು ಊರಿಗೆ ಮರಳಬೇಕು, ಒಬ್ಬಳಿಗಾಗಿ ಎಷ್ಟು ಹೊತ್ತು ಕಾಯುವುದು. "ವಿಮಾನದಾಗೆ ಬರೋಳು ಇನ್ನೂ ಯಾಕೆ ಬರಲಿಲ್ಲ?" ಎಂದು ಮೂರು ಜನ ಕೇಳಿದರು. ನಾನು ಒಂದು ಕಾಗದ ತೆಗೆದುಕೊಂಡು ದೊಡ್ಡಪ್ಪನ ಮುಂದೆ ಊರೂರಿನ ಹೆಸರು ಬರೆದು, ಒಂದೊಂದಕ್ಕೂ ಎಷ್ಟು ಹೊತ್ತೆಂದು ತೋರಿಸಿದೆ. ಹಿರಿಯೂರು ಬಿಟ್ಟಳೆಂದು ಫೋನು ಬಂದಾಗ ಆ ಹೆಸರಿಗೆ ಗೀಟು ಹಾಕಿದೆ. ಚಿತ್ರದುರ್ಗಕ್ಕೆ ಇನ್ನೊಂದು ಗೀಟು. ದೊಡ್ಡಪ್ಪ ಆ ಕಾಗದವನ್ನು ಕೈಯಲ್ಲೇ ಹಿಡಿದು ಕೂತರು. ಕೊನೆಗೆ, "ಇವಳ ಅಜ್ಜಿಗೆ ಆಗಿದ್ದು ಇವಳಿಗೂ ಆಗೋದು ಬ್ಯಾಡ. ಕಾಯೋಣ" ಎಂದು ಒಂದೇ ಮಾತು ಹೇಳಿದರು. ಮುಂದೆ ಯಾರೂ ತುಟಿ ಬಿಚ್ಚಲಿಲ್ಲ.

ತಂಗಿ ಐದು ಗಂಟೆ ದಾಟಿದ ಮೇಲೆ ಬಂದಳು. ಅವ್ವನ ಪಾದ ಹಿಡಿದು ಕೂತಳು. ಬಿಸಿಲು ಇನ್ನೂ ತೆಂಗಿನ ಗರಿಯ ಮೇಲಿತ್ತು. ಅವಳು ಮಣ್ಣಿಗೆ ಸಿಕ್ಕಳು.

ಆಮೇಲೆ ಎಷ್ಟೋ ದಿನ ನಾನು ಇದನ್ನೇ ಯೋಚಿಸಿದೆ. ತಂಗಿಯನ್ನು ತಂದದ್ದು ವಿಮಾನವೇ, ನಿಜ. ಆದರೆ ಅಜ್ಜಿಯ ಕಾಲಕ್ಕೂ ರೈಲಿತ್ತು, ಸೇತುವೆಯಿತ್ತು. ಯುದ್ಧದ ದಿನಗಳಲ್ಲಿ ಪೆಟ್ರೋಲು ಸಿಗದಿದ್ದಾಗ ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸುಗಳೂ ಇದ್ದವು. ಇರದಿದ್ದದ್ದು ಅವಳ ಸೆರಗಿನ ಗಂಟಿನಲ್ಲಿ ನಾಲ್ಕಾಣೆ, ಮತ್ತು "ನಾನು ಹೋಗಿಬರ್ತೀನಿ" ಎಂದು ಹೇಳಿ ಹೊರಡುವ ಅಧಿಕಾರ. ತಂಗಿ ತನ್ನ ಸಂಬಳದಲ್ಲಿ ಟಿಕೆಟ್ಟು ತೆಗೆದಳು. ಯಾರನ್ನೂ ಕೇಳಲಿಲ್ಲ, ಹೇಳಿ ಹೊರಟಳು ಅಷ್ಟೆ. ಎರಡು ಊರಿನ ನಡುವಿನ ಹೊತ್ತನ್ನು ಕಡಿಮೆ ಮಾಡಿದ್ದು ಬರೀ ಎಂಜಿನ್ನು ಎಂದು ಚರಿತ್ರೆ ಬರೆಯುವವರು ಹೇಳಿದರೆ ನಾನು ಒಪ್ಪುವುದಿಲ್ಲ. ಹೆಣ್ಣುಮಕ್ಕಳ ಮಟ್ಟಿಗೆ ಶಾಲೆ ಮತ್ತು ಸಂಬಳ ಕೂಡ ದಾರಿಯನ್ನು ಅಷ್ಟೇ ಮೊಟಕು ಮಾಡಿವೆ.

ಈಗ ನಮಗೆ ಇನ್ನೂ ಹತ್ತಿರದಲ್ಲಿ ನಿಲ್ದಾಣವಾಗಿದೆ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿಯಿತು. 3,200 ಮೀಟರಿನ ಓಡುದಾರಿ, ಕಮಲದ ಆಕಾರದ ಕಟ್ಟಡ. ಹದಡಿಯಿಂದ ನೂರು ಕಿಲೋಮೀಟರಿನೊಳಗೆ. ಅಲ್ಲಿಂದ ಬೆಂಗಳೂರಿಗೆ ಆಕಾಶದಲ್ಲಿ 240 ಕಿಲೋಮೀಟರು. ರೆಕ್ಕೆಗೆ ಫ್ಯಾನು ಇರುವ ಚಿಕ್ಕ ವಿಮಾನಕ್ಕೆ ಒಂದು ಗಂಟೆಯ ಮೇಲೆ ಸ್ವಲ್ಪ. ದಾವಣಗೆರೆಗೂ ಒಂದು ನಿಲ್ದಾಣ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಬಂದರೆ ಬೇಡವೆನ್ನುವವರಾರು? ಆದರೂ ಅಡುಗೆಮನೆಯ ಲೆಕ್ಕ ಒಂದಿದೆ, ಮಾಡಿ ನೋಡಿ. ಬೆಂಗಳೂರಿಗೆ ಹೋಗಬೇಕು. ಶಿವಮೊಗ್ಗ ನಿಲ್ದಾಣಕ್ಕೆ ಎರಡು ಗಂಟೆ, ಅಲ್ಲಿ ಎರಡು ಗಂಟೆ ಮೊದಲೇ ಬನ್ನಿ ಎನ್ನುತ್ತಾರೆ, ಹಾರಾಟ ಒಂದೂಕಾಲು ಗಂಟೆ, ಇಳಿದು ಪೆಟ್ಟಿಗೆ ಹುಡುಕಿ ದೇವನಹಳ್ಳಿಯಿಂದ ಊರೊಳಗೆ ಹೋಗಲು ಎರಡು ಗಂಟೆ. ಒಟ್ಟು ಏಳು ಗಂಟೆಯ ಮೇಲಾಯಿತು. 1990ರ ದಶಕದಲ್ಲಿ ನಮ್ಮ ಮೀಟರ್ ಗೇಜ್ ಹಳಿ ಬ್ರಾಡ್ ಗೇಜ್ ಆಯಿತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಶುರುವಾಗಿ ದಾವಣಗೆರೆಯಲ್ಲೂ ನಿಂತಿತು. ಅದರಲ್ಲಿ ಬೆಂಗಳೂರು ದಾವಣಗೆರೆಯಿಂದ ಮೂರೂವರೆ ಗಂಟೆಯ ಆಸುಪಾಸು. ಹದಡಿ ರಸ್ತೆಯಲ್ಲಿ ದಾವಣಗೆರೆಗೆ ಹೋಗುವ ಅರ್ಧ ಗಂಟೆ ಸೇರಿಸಿದರೂ ನಾಲ್ಕೇ. ಹತ್ತಿರದ ಊರಿಗೆ ರೈಲೇ ವಿಮಾನ! ಮುಂಬಯಿ, ದೆಹಲಿ ಎಂದಾಗ ಮಾತ್ರ ಆಕಾಶ ಗೆಲ್ಲುತ್ತದೆ.

ಇನ್ನು ಕಡಲಾಚೆಯ ಲೆಕ್ಕ. ನಿಮ್ಮ ಮನೆಯಲ್ಲೂ ಒಬ್ಬರಾದರೂ ಅಮೆರಿಕದಲ್ಲಿ ಇದ್ದಾರು. 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟ ಏರ್ ಇಂಡಿಯಾ ವಿಮಾನ ಎಲ್ಲೂ ಇಳಿಯದೆ ಸೋಮವಾರ ನಸುಕಿಗೆ ಬೆಂಗಳೂರಿಗೆ ಬಂತು. ಅದನ್ನು ನಡೆಸಿದವರು ನಾಲ್ವರೂ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮುಂದಾಳು. ನೇರ ದೂರ ಸುಮಾರು 14,000 ಕಿಲೋಮೀಟರು, ಹಿಡಿದದ್ದು ಹದಿನೇಳು ಗಂಟೆ. ಅವರು ಬಂದದ್ದು ಉತ್ತರ ಧ್ರುವದ ಮೇಲಿಂದ. ನಕ್ಷೆಯಲ್ಲಿ ನೋಡಿದರೆ ಇದೆಂಥ ಸುತ್ತುದಾರಿ ಅನ್ನಿಸುತ್ತದೆ. ಒಂದು ಕುಂಬಳಕಾಯಿ ತೆಗೆದುಕೊಂಡು ಎರಡು ಕಡೆ ಸುಣ್ಣದ ಬೊಟ್ಟಿಟ್ಟು ದಾರ ಬಿಗಿದು ನೋಡಿ. ದಾರ ತಾನಾಗಿ ಹತ್ತಿರದ ದಾರಿ ಹಿಡಿಯುತ್ತದೆ. ಅದು ತೊಟ್ಟಿನ ಹತ್ತಿರ ಹಾಯ್ದರೆ ಆಶ್ಚರ್ಯವಿಲ್ಲ. ಭೂಮಿ ದುಂಡಗಿದೆ ಎಂದು ಶಾಲೆಯಲ್ಲಿ ಓದಿದ್ದೆವು, ನಂಬಿಕೆ ಬರಲು ಕುಂಬಳಕಾಯಿ ಬೇಕಾಯಿತು. ಹದಿನೇಳು ಗಂಟೆಯೆಂದರೆ ಅಜ್ಜಿಗೆ ಸುದ್ದಿ ಮುಟ್ಟಿದ ಹೊತ್ತಿಗಿಂತಲೂ ಕಡಿಮೆ.

ಹೀಗೆಂದು ಎಲ್ಲರ ದಾರಿಯೂ ಸಲೀಸಾಯಿತೆಂದು ನಾನು ಹೇಳಲಾರೆ. ಕೈಯಲ್ಲಿ ಮೊಬೈಲಿದ್ದೂ ಟಿಕೆಟ್ಟು ತೆಗೆಯಲು ಮಗನ ಬಿಡುವಿಗೆ ಕಾಯುವ ತಾಯಂದಿರು ನಮ್ಮೂರಲ್ಲೇ ಇದ್ದಾರೆ. ದಾವಣಗೆರೆಯ ಗಂಡನ ಮನೆಯಿಂದ ಹರಿಹರದ ತವರಿಗೆ ಅರ್ಧ ಗಂಟೆಯ ಬಸ್ಸು. ಆದರೂ ವರ್ಷಕ್ಕೊಮ್ಮೆ, ಪಂಚಮಿಗೆ ಅಣ್ಣ ಬಂದು ಕರೆದರೆ ಮಾತ್ರ ಹೊರಡುವವರನ್ನು ಬಲ್ಲೆ. ಅವರ ದೂರವನ್ನು ಯಾವ ವೇಳಾಪಟ್ಟಿಯೂ ಬರೆಯುವುದಿಲ್ಲ.

ಅದಕ್ಕೇ ನಮ್ಮ ಮನೆಗೆ ಬರುವ ಹೆಣ್ಣುಮಕ್ಕಳಿಗೆ ಒಂದು ಮಾತು ಹೇಳುತ್ತಿರುತ್ತೇನೆ. ನಿಮ್ಮ ಹೊಸಿಲಿನಿಂದ ತವರಿನ ಹೊಸಿಲಿಗೆ ಎಷ್ಟು ಹೊತ್ತು ಎಂಬುದನ್ನು ನೀವೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳಿ. ಯಾವ ರೈಲು, ಯಾವ ಬಸ್ಸು, ರಾತ್ರಿ ಎದ್ದು ಬರುವ ಕಾರಿನವನು ಯಾರು, ವಿಮಾನ ಎಲ್ಲಿಂದ. ಜೊತೆಗೆ ಆ ದಾರಿಗೆ ಬೇಕಾಗುವಷ್ಟು ದುಡ್ಡನ್ನು ನಿಮ್ಮದೇ ಹೆಸರಿನ ಬ್ಯಾಂಕಿನಲ್ಲೋ, ಸಾಸಿವೆ ಡಬ್ಬಿಯಲ್ಲೋ ಬೇರೆ ಎತ್ತಿಡಿ. ಹಬ್ಬದ ಸೀರೆಗೆಂದು ಅದನ್ನು ಮುಟ್ಟಬೇಡಿ. ನಮ್ಮ ಮನೆಯ ಸೊಸೆ ಮೊನ್ನೆ ತನ್ನ ಲೆಕ್ಕ ಬರೆದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದಳು. ಅವಳ ತವರು ಕಲಬುರಗಿ. ಎಲ್ಲಕ್ಕೂ ಮೇಲೆ ಅವಳು ಬರೆದದ್ದು ಹೀಗೆ: "ಹೊರಡಲು ಹತ್ತು ನಿಮಿಷ."